ಸೋಸಿದ ನೀರು

ಸರುಬಾಯಿಯ ಸೊಂಟಕ್ಕೆ ಮಿರಜಿನ ಡಾಕ್ಟರರು ಸ್ಟೀಲಿನ ಪಟ್ಟಿ ಕೂಡಿಸಿ ಮನೆಗೆ ಕಳಿಸಿ ಐದು ವಾರವಾಗಿತ್ತು. ಎಪ್ಪತ್ನಾಲ್ಕರ ವಯಸ್ಸಿನಲ್ಲಿ ಆಪರೇಷನ್ ಯಾಕೆ ಬೇಕು ಎಂದು ಬೀಗರು ಬಿಜ್ಜರು ಕೇಳಿದ್ದಕ್ಕೆಲ್ಲ ಆಕೆಯದು ಒಂದೇ ಉತ್ತರ: "ಸಂಡಾಸಕ್ಕ ನಾನಽ ಎದ್ದು ಹೋಗಬೇಕು. ಮತ್ತೇನೂ ಬ್ಯಾಡ. ನಾ ಏನು ಹಿಮಾಲಯ ಹತ್ತಾಕಿ ಅಲ್ಲ."

ಮಿರಜಿನ ಪೇಟೆಯ ಕಿರಾಣಿ ಅಂಗಡಿಯಲ್ಲಿ ನಲವತ್ತು ವರ್ಷ ಗಲ್ಲೆಯ ಮೇಲೆ ಕೂತು ಗಂಡಸರ ಬಾಯಿ ಮುಚ್ಚಿಸಿದ ಹೆಂಗಸು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಸೊಸೆ ದೀಪಾಲಿ ಬೆಡ್‌ಪ್ಯಾನ್ ಹಿಡಿದಿದ್ದಳು. ದೀಪಾಲಿ ಕೆಟ್ಟವಳೇನಲ್ಲ. ಪ್ಯಾನ್ ಹಿಡಿದಾಗ ಒಂದು ಗೋಡೆಯ ಕಡೆ ನೋಡುತ್ತಿದ್ದಳು, ಸರುಬಾಯಿ ಇನ್ನೊಂದು ಗೋಡೆಯ ಕಡೆ. ಆ ಎರಡು ಗೋಡೆಗಳನ್ನು ಮತ್ತೆ ನೋಡಬಾರದು ಎಂಬುದಕ್ಕಾಗಿಯೇ ಮುದುಕಿ ಮನೆಗೆ ಬಂದವಳು ಹಲ್ಲು ಕಚ್ಚಿ ವಾಕರ್ ಹಿಡಿದು ನಡೆಯಲು ಕಲಿತಳು. ಹಾಸಿಗೆಯಿಂದ ಕಮೋಡಿಗೆ ಹದಿನಾಲ್ಕು ಹೆಜ್ಜೆ. ನೆಲಕ್ಕೆ ಹಾಸಿದ ಹಳೆಯ ಸಂಡಾಸದಲ್ಲಿ ಕುಕ್ಕರಗಾಲು ಕೂಡುವುದು ಇನ್ನು ಈ ಜನ್ಮಕ್ಕಿಲ್ಲ. ಹೀಗಾಗಿ ಸಾಂಗಲಿಯ ವಿಶ್ರಾಮಬಾಗದ ನೆಲಮಹಡಿಯ ಫ್ಲ್ಯಾಟಿನಲ್ಲಿದ್ದ ಒಂದೇ ಕಮೋಡು ಆಕೆಯ ಪಾಲಿನ ಸಿಂಹಾಸನವಾಗಿತ್ತು.

ಭಾದ್ರಪದದ ಪಂಚಮಿಯ ಬೆಳಗ್ಗೆ ಆ ಸಿಂಹಾಸನದಲ್ಲಿ ಕೂತಿದ್ದಾಗ ನೆತ್ತಿಯ ಮೇಲೆ ಒಂದು ಹನಿ ಬಿತ್ತು. ಸರುಬಾಯಿ ಮೇಲೆ ನೋಡಿದಳು. ಎರಡನೆಯದು ಹಣೆಯ ವಿಭೂತಿಯ ಮೇಲೆ ಬಿತ್ತು.

"ದೀಪಾಲಿ! ಮ್ಯಾಲಿನವರು ನನಗ ಅಭಿಷೇಕಾ ನಡಿಸ್ಯಾರ, ಬಂದು ನೋಡು!"

ಮೇಲಿನವರೆಂದರೆ ಪಾರಿಸ ಚೌಗುಲೆ. ಸರಕಾರಿ ನೌಕರಿಯಿಂದ ನಿವೃತ್ತರು, ಮೆಲುದನಿಯವರು, ದಾರಿಯಲ್ಲಿ ಇರುವೆಯ ಸಾಲು ಕಂಡರೆ ಸ್ಕೂಟರ್ ಇಳಿದು ನೂಕುವವರು. ಅಂದು ಜೈನರ ದಶಲಕ್ಷಣ ಪರ್ವದ ಮೊದಲ ದಿನ. ಹತ್ತು ದಿನವೂ ಬರೀ ಕಾಯಿಸಿದ ನೀರಿನ ಮೇಲೆ ಉಪವಾಸ ಮಾಡುವೆನೆಂದು ಪಾರಿಸರಾವ್ ಬಸದಿಯಲ್ಲಿ ವ್ರತ ಹಿಡಿದು ಬಂದಿದ್ದರು. ಸೋರಿಕೆಯ ದೂರನ್ನು ಸೊಸೈಟಿಯ ಸೆಕ್ರೆಟರಿಗೆ ಕೊಡಬಹುದಿತ್ತು. ಆ ಸೆಕ್ರೆಟರಿ ಪಾರಿಸರಾವ್ ಅವರೇ.

ಆರಗದ ಪ್ಲಂಬರ್ ಕಿಶೋರ ಮೇಲೆ ಹೋಗಿ ನೋಡಿ, ಪಾರಿಸರಾವ್ ಮತ್ತು ಅವರ ಹೆಂಡತಿ ಶಾಲನಬಾಯಿಯನ್ನು ಕರೆದುಕೊಂಡೇ ಕೆಳಗೆ ಬಂದ. ಸರುಬಾಯಿ ಕುರ್ಚಿಯಲ್ಲಿ ಕೂತಿದ್ದಳು.

"ಮ್ಯಾಲಿನ ಕಮೋಡಿನ ಬಾಯಿಗೂ ಪೈಪಿಗೂ ನಡುವ ಒಂದು ಸೀಲ್ ಇರ್ತೈತ್ರಿ. ಅದು ಸತ್ತೈತಿ," ಎಂದ ಕಿಶೋರ.

"ಸತ್ತೈತಿ ಅನಬ್ಯಾಡಪ್ಪಾ, ಹಬ್ಬದಾಗ," ಎಂದರು ಪಾರಿಸರಾವ್.

ಕಿಶೋರ ಚೀಲದಿಂದ ಒಂದು ಡಬ್ಬಿ ತೆಗೆದು ಟೀಪಾಯಿಯ ಮೇಲಿಟ್ಟ. ಒಳಗೆ ಕಡುಬಿನ ಬಣ್ಣದ ದಪ್ಪ ಉಂಗುರ. "ಇದು ಮೇಣದ್ದು. ಒಮ್ಮೆ ಕುಂತ್ರ ಇಪ್ಪತ್ತು ವರ್ಷ ಹನಿ ಬೀಳೂದಿಲ್ಲ."

ಪಾರಿಸರಾವ್ ಕೈ ಹಿಂದೆ ಕಟ್ಟಿಕೊಂಡರು. "ಮೇಣ ಅಂದ್ರ ಜೇನಿಂದು. ಒಂದು ಗೂಡು ಹಿಂಡಿದ್ರ ಎಷ್ಟು ಜೀವ ಹೋಗ್ತಾವ, ವಿಚಾರ ಮಾಡಿಯೇನು?"

"ಇದು ಜೇನಿಂದಲ್ಲ ಕಾಕಾ, ಪೆಟ್ರೋಲದಿಂದ ಮಾಡೂದು."

"ಎಲ್ಲಿ ಬರದಾರ? ತೋರಸು."

ಡಬ್ಬಿಯ ಮೇಲೆ ಬರೆದದ್ದೆಲ್ಲ ಚೀನೀ ಲಿಪಿಯಲ್ಲಿತ್ತು. ಅದರಲ್ಲಿ ಜೇನಿನ ಮಾತಿಲ್ಲವೆಂದು ಆಣೆ ಮಾಡಿ ಹೇಳಲು ಕಿಶೋರನಿಗೆ ಧೈರ್ಯ ಸಾಲಲಿಲ್ಲ. ಅವನು ಎರಡು ರಬ್ಬರ್ ಸೀಲುಗಳನ್ನು ತೆಗೆದ, ಒಂದು ದಪ್ಪ, ಒಂದು ತೆಳು.

"ರಬ್ಬರ್ ಗಿಡದ ಹಾಲು. ಅಡ್ಡಿ ಇಲ್ಲ," ಎಂದು ಪಾರಿಸರಾವ್ ತೆಳುವಾದದ್ದನ್ನು ಮೂಸಿ ನೋಡಿದರು. "ಈ ಕರೀದು ಏನು ಹಚ್ಚೀರಿ?"

"ಗ್ರೀಸ್. ಜಾರಿ ಕುಂದ್ರಲಿ ಅಂತ."

"ಗ್ರೀಸಿನಾಗ ಚರಬಿ ಇರ್ತೈತಿ."

"ಒರಸಿ ಒಗದು ಕೊಬ್ಬರಿಎಣ್ಣಿ ಹಚ್ಚೋಣು."

"ಹಚ್ಚು. ತಕರಾರಿಲ್ಲ."

"ದಪ್ಪಂದು ಹಾಕೋ ಕಿಶೋರ," ಎಂದಳು ಸರುಬಾಯಿ. "ತೆಳುಂದು ಅಳ್ಳಕ ಕುಂದರತೈತಿ, ಮತ್ತ ಸೋರತೈತಿ."

"ಮಾವಶಿ, ನಿಮಗ ಪ್ಲಂಬಿಂಗೂ ಬರ್ತೈತೇನ್ರಿ?"

"ಎಣ್ಣಿ ಡಬ್ಬಿ ಮಾರಿದಾಕಿ ನಾ. ಯಾವ ಮುಚ್ಚಳ ಸೋರತೈತಿ, ಯಾವ ಗಿರಾಕಿ ಸುಳ್ಳ ಹೇಳತಾನ, ಎರಡೂ ಮುಖಾ ನೋಡಿದ್ರ ತಿಳೀತೈತಿ."

ಎಲ್ಲರೂ ನಕ್ಕರು. ಕೆಲಸ ಮುಗಿದಂತೆಯೇ ಇತ್ತು. ಕಿಶೋರ ಅಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕತೆಯೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ರಾಮಾಣಿಕ ಕೆಲಸಗಾರರಿಗೆ ಗಿರಾಕಿಗೆ ಎಲ್ಲವನ್ನೂ ಬಿಡಿಸಿ ಹೇಳುವ ಚಟವಿರುತ್ತದೆ. "ಅರ್ಧಾ ತಾಸಿನ ಕೆಲಸ್ರಿ. ಬುಡದ ಸಿಮೆಂಟು ಒಡದು ಕಮೋಡು ಎಬ್ಬಸೂದು. ಬುಡಕ ಹಸೀ ಇರ್ತೈತಿ, ಝುರಳಿ ಗಿರಳಿ ಇರ್ತಾವ, ಒಂದೀಟು ಫಿನೈಲ್ ಹೊಡದ್ರ..."

ಜಿರಳೆಯ ಹೆಸರು ಕೇಳಿದ್ದೇ ಪಾರಿಸರಾವ್ ನೆಟ್ಟಗಾದರು. "ಝುರಳಿ?"

"ಇರ್ತಾವಲ್ರಿ, ನೂರಾರು."

"ಹಂಗಾದ್ರ ಹತ್ತು ದಿನಾ ಆಗೂದಿಲ್ಲ. ಪರ್ವ ಮುಗೀಲಿ."

"ಅಲ್ಲಾ, ಶಾಸ್ತ್ರದಾಗ ಝುರಳಿಗೆ ಎಷ್ಟು ಇಂದ್ರಿಯ ಅಂತ ಎಣಸ್ಕೋತ ಕುಂದ್ರತೀರಿ," ಎಂದಳು ಶಾಲನಬಾಯಿ, ನೆಲ ನೋಡುತ್ತ. "ಈಕಿಗೆ ಐದಕ್ಕ ಐದೂ ಅದಾವಲ್ರಿ."

"ನೀ ಸುಮ್ಮನಿರು."

ಸರುಬಾಯಿ ದನಿ ಇಳಿಸಿದಳು. ಉದ್ರಿ ವಸೂಲಿಗೆ ಹೋದಾಗಲೂ ಆಕೆ ಇಷ್ಟು ದನಿ ಇಳಿಸಿದವಳಲ್ಲ. "ಪಾರಿಸರಾವ್, ನಿಮ್ಮ ಝುರಳಿಗೆ ಆರು ಕಾಲು. ಒಂದು ಜಾರಿದ್ರ ಐದು ಉಳೀತಾವ. ನನಗಿರೂವು ಎರಡು, ಅದರಾಗೊಂದು ಸ್ಟೀಲಿಂದು. ನೆಲಾ ಹಸೀ ಆಗೂದು ಬ್ಯಾಡ. ಕೈ ಮುಗೀತೇನಿ."

"ಹತ್ತಽ ದಿನಾ, ಸರುಬಾಯಿ. ನಾನಂತೂ ಉಪಾಸ. ನನ್ನ ಕಡಿಂದ ಏನೂ ಕೆಳಗ ಬರೂದಿಲ್ಲ."

ಇದನ್ನು ಅವರು ಚೇಷ್ಟೆಗೆ ಹೇಳಲಿಲ್ಲ. ಪಾರಿಸರಾವ್ ಚೇಷ್ಟೆ ಮಾಡಿದ್ದನ್ನು ಯಾರೂ ಕಂಡಿಲ್ಲ.

ಅಂದಿನಿಂದ ಸರುಬಾಯಿ ಛತ್ರಿ ಹಿಡಿದು ಸಂಡಾಸಕ್ಕೆ ಹೋಗತೊಡಗಿದಳು. ಹೊರಗೆ ಗಣಪತಿಯ ಬ್ಯಾಂಡು ಬಾರಿಸುತ್ತಿತ್ತು. ಒಳಗೆ ಮುದುಕಿ ಒಂದು ಕೈಯಲ್ಲಿ ವಾಕರ್, ಇನ್ನೊಂದರಲ್ಲಿ ಅಂಗಡಿಯ ಹಳೆಯ ಕರಿ ಛತ್ರಿ ಹಿಡಿದು ಕೂತಿರುತ್ತಿದ್ದಳು. ಮಗ ಓಂಪ್ರಕಾಶ ಒಮ್ಮೆ ಬಾಗಿಲ ಸಂದಿಯಿಂದ ನೋಡಿ ನಕ್ಕು, ಆಮೇಲೆ ನಕ್ಕದ್ದಕ್ಕೆ ನಾಚಿ, ಅಂಗಡಿಗೆ ಹೊತ್ತಾಯಿತೆಂದು ಹೋದ. ಹಬ್ಬದ ಸೀಸನ್ನು, ಜಗಳಕ್ಕೆ ಪುರಸೊತ್ತಿರಲಿಲ್ಲ. ಮೇಲಾಗಿ ಹತ್ತು ದಿನದ ಉಪವಾಸಿಯೊಡನೆ ಜಗಳಾಡಿದರೆ ಊರು ಯಾರ ಪರ ನಿಲ್ಲುತ್ತದೆಂದು ವ್ಯಾಪಾರಸ್ಥನಾದ ಅವನಿಗೆ ಗೊತ್ತಿತ್ತು. ದೀಪಾಲಿ ದಿನಕ್ಕೆ ಆರು ಸಲ ನೆಲ ಒರೆಸಿದಳು.

ಮೂರನೆಯ ದಿನ ಪಾರಿಸರಾವ್ ತಾವೇ ಇಳಿದುಬಂದರು. ಮುಖದಲ್ಲಿ ಉಪವಾಸದ ಕಳೆ, ಜೊತೆಗೆ ಉಪಕಾರ ಮಾಡಿದವರ ಕಳೆ.

"ವ್ಯವಸ್ಥಾ ಮಾಡೇನಿ, ಸರುಬಾಯಿ. ಬುಡದ ಬಿರುಕಿಗೆ ಹೊಸಾ ಗಾಳಣಿ ಅರಿವಿ, ಎರಡು ಪದರು ಮಡಚಿ, ಸುತ್ತಲೂ ತುರುಕೇನಿ. ಇನ್ನ ಬಿದ್ರೂ ಸೋಸಿದ ನೀರಽ ಬೀಳ್ತೈತಿ."

ಅವರ ಮನೆಯಲ್ಲಿ ಕುಡಿಯುವ ನೀರಿನ ಒಂದು ಬಿಂದುವೂ ಆ ಬಿಳಿ ಅರಿವೆಯಲ್ಲಿ ಸೋಸದೆ ಗಡಿಗೆ ಸೇರುತ್ತಿರಲಿಲ್ಲ. ತಮ್ಮ ಬಾಯಿಗೆ ಸಲ್ಲುವ ಮರ್ಯಾದೆಯನ್ನೇ ಕೆಳಗಿನವಳ ನೆತ್ತಿಗೂ ಸಲ್ಲಿಸಿದ್ದರು. ಸರುಬಾಯಿ ಪಕ್ಕದಲ್ಲಿದ್ದ ಛತ್ರಿಯನ್ನು ಇನ್ನೂ ಹತ್ತಿರ ಎಳೆದುಕೊಂಡಳು.

ಹತ್ತಿಯ ಬಟ್ಟೆ ನೀರನ್ನು ತಡೆಯುವುದಿಲ್ಲ. ಕುಡಿದು, ಹಿಡಿದಿಟ್ಟುಕೊಂಡು, ನಿಧಾನವಾಗಿ ಕೆಳಗೆ ದಾರಿ ತೋರಿಸುತ್ತದೆ. ಮೊದಲು ಮೇಲಿನವರು ನೀರು ಬಿಟ್ಟಾಗ ಮಾತ್ರ ಬೀಳುತ್ತಿದ್ದ ಹನಿ ಈಗ ಇಡೀ ದಿನ ಬೀಳತೊಡಗಿತು. ಅದರ ಮೇಲೆ ಪಾರಿಸರಾವ್ ಅವರ ಕೀರ್ತಿ ಬೇರೆ ಹಬ್ಬಿತು. ಎಪ್ಪತ್ತು ದಾಟಿದ ಮನುಷ್ಯ ಹತ್ತು ದಿನ ಅನ್ನ ಬಿಟ್ಟಿದ್ದಾನೆಂದು ಹರಿಪುರದಿಂದ, ಆರಗದಿಂದ, ಸಾಂಗಲಿಯ ಓಣಿಓಣಿಯಿಂದ ದರ್ಶನಕ್ಕೆ ಜನ ಬಂದರು. ದೂರದಿಂದ ಬಂದವರು ಮೊದಲು ಕಾಲು ಮುಟ್ಟಿ ನಮಸ್ಕರಿಸಿ, ಆಮೇಲೆ ಸಂಡಾಸ ಎಲ್ಲಿದೆ ಎಂದು ಕೇಳುತ್ತಿದ್ದರು.

ಶಾಲನಬಾಯಿ ಮಾತ್ರ ದಿನಕ್ಕೆ ಎರಡು ಸಲ ರಿಕ್ಷಾ ಮಾಡಿಕೊಂಡು ತಂಗಿಯ ಮನೆಗೆ ಹೋಗಿಬರುತ್ತಿದ್ದಳು. "ನಾ ಆ ಸಂಡಾಸದ ಬಾಗಲಾ ತಗದಿಲ್ಲ ಅಕ್ಕಾ, ಖರೇನಽ," ಎಂದಳು ಸರುಬಾಯಿಯ ಬಳಿ ಬಂದು. "ಆದ್ರ ಬಂದವರಿಗೆ ಹೋಗಬ್ಯಾಡ್ರಿ ಅಂತ ಹ್ಯಾಂಗ ಹೇಳ್ಲಿ?"

"ಹೇಳಬ್ಯಾಡವಾ. ಪುಣ್ಯಾ ಮ್ಯಾಲೆ ಉಳೀಲಿ, ಉಳದದ್ದು ಕೆಳಗ ಬರಲಿ."

ಎಂಟನೆಯ ದಿನ ಬೆಳಗ್ಗೆ ಮೇಲೆ ಟೆಂಪೊ ತುಂಬ ಬೀಗರು ಬಂದಿಳಿದರು. ಸರುಬಾಯಿಗೆ ಅವಸರವಾಯಿತು.

"ಥಾಂಬಾ ಅತ್ತಿ, ನೆಲಾ ಒರಸಿ ಬಂದೆ!" ಎಂದು ದೀಪಾಲಿ ಅಡುಗೆಮನೆಯಿಂದ ಕೂಗಿದಳು. ಒಲೆಯ ಮೇಲೆ ಹಾಲಿತ್ತು.

ಸರುಬಾಯಿ ನಿಲ್ಲಲಿಲ್ಲ. ನಿಲ್ಲಲಾರದ್ದಕ್ಕೇ ಹೊರಟವಳು ಹೇಗೆ ನಿಂತಾಳು? ಹದಿಮೂರು ಹೆಜ್ಜೆ ಸರಿಯಾಗಿಯೇ ಬಿದ್ದವು.

ಮಿರಜಿನ ಡಾಕ್ಟರರು ಓಂಪ್ರಕಾಶನನ್ನು ಕಾಟಿನ ಕಾಲ್ದೆಸೆಗೆ ಕರೆದು ಮರಾಠಿಯಲ್ಲಿ ಮಾತಾಡಿದರು, ಕನ್ನಡದ ಮುದುಕಿಗೆ ತಿಳಿಯದಿರಲಿ ಎಂದು. ನಲವತ್ತು ವರ್ಷ ಮರಾಠಿಯಲ್ಲಿ ಬೇಳೆ ತೂಗಿದವಳಿಗೆ ಒಂದು ಅಕ್ಷರವೂ ತಪ್ಪಲಿಲ್ಲ. ಪಟ್ಟಿ ಕಿತ್ತುಬಂದಿದೆ. ಎಲುಬು ಇನ್ನೊಂದು ಮೊಳೆ ಹಿಡಿಯುವುದಿಲ್ಲ. ಇನ್ನು ಹಾಸಿಗೆಯೇ, ಕೊನೆಯ ತನಕ.

ಪರ್ವ ಮುಗಿದ ಮರುದಿನ ಕಿಶೋರ ಕಮೋಡು ಎಬ್ಬಿಸಿ ದಪ್ಪ ಸೀಲು ಹಾಕಿದ. ಇಪ್ಪತ್ತೈದು ನಿಮಿಷ ಹಿಡಿಯಿತು. ಸಂಜೆ ಆಸ್ಪತ್ರೆಗೆ ಬಂದು ಕಾಟಿನ ಪಕ್ಕ ಟೊಪ್ಪಿಗೆ ಹಿಂಡುತ್ತ ನಿಂತ. "ಮಾವಶಿ, ಬುಡಕ ಒಂದು ಝುರಳೀನೂ ಇರಲಿಲ್ರಿ. ಒಂದಽ ಒಂದು."

"ಇರಲಿ ಬಿಡೋ," ಎಂದಳು ಸರುಬಾಯಿ. "ಪಾಪ, ಅವಕ್ಕ ಮೊದಲಽ ಸುಳಿವು ಸಿಕ್ಕಿರಬೇಕು."

ಅದರ ಮರುದಿನ ಕ್ಷಮಾವಣಿ. ವರ್ಷವಿಡೀ ತಿಳಿದೋ ತಿಳಿಯದೆಯೋ ನೋಯಿಸಿದವರನ್ನೆಲ್ಲ ಕಂಡು ಜೈನರು ಕ್ಷಮೆ ಬೇಡುವ ದಿನ. ಪಾರಿಸರಾವ್ ಉಪವಾಸವನ್ನು ಇನ್ನೂ ಬಿಟ್ಟಿರಲಿಲ್ಲ. ಸರುಬಾಯಿ ಬಾಯಿಬಿಟ್ಟು ಕ್ಷಮಿಸುವ ತನಕ ಒಂದು ಗುಟುಕು ಹೆಸರುಬೇಳೆಯ ಕಟ್ಟನ್ನೂ ಮುಟ್ಟೆನೆಂದು ಬಸದಿಯಲ್ಲಿ ಎಲ್ಲರೆದುರು ಹೇಳಿದ್ದರು. ಹೀಗಾಗಿ ಬೆಳಗ್ಗೆ ಹತ್ತಕ್ಕೆ ವಾರ್ಡಿನೊಳಗೆ ಬಿಳಿ ಬಟ್ಟೆಯ ಇಪ್ಪತ್ತು ಜನ ಬಂದರು. ನಡುವೆ ಇಬ್ಬರ ಹೆಗಲ ಮೇಲೆ ಕೈಯಿಟ್ಟು ಪಾರಿಸರಾವ್, ಮುಂದೆ ಮೊಬೈಲ್ ಹಿಡಿದು ಅವರ ಅಣ್ಣನ ಮಗ ಹರ್ಷದ.

ಸರುಬಾಯಿ ಆಗತಾನೆ ಪ್ಯಾನ್ ಕೇಳಿದ್ದಳು. ದೀಪಾಲಿ ಅದನ್ನು ತಂದವಳು, ಜನರನ್ನು ಕಂಡು ಸೆರಗಿನಡಿ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಳು. ಪರದೆ ಎಳೆಯಲು ಜಾಗವಿರಲಿಲ್ಲ.

"ಉತ್ತಮ ಕ್ಷಮಾ, ಸರುಬಾಯಿ," ಎಂದು ಪಾರಿಸರಾವ್ ಕೈಮುಗಿದರು. ಕಣ್ಣಲ್ಲಿ ನಿಜವಾದ ನೀರಿತ್ತು. "ತಿಳದು ತಿಳೀದ ಏನರೆ ತಪ್ಪಾಗಿದ್ರ..."

"ಎಲ್ಲಾರೂ ಒಂದೀಟು ಹೊರಗ ಹೋಗ್ರಿ," ಎಂದಳು ಸರುಬಾಯಿ.

"ಒಂದು ಮಾತು ಅನ್ರಿ ಅಕ್ಕಾ, ಹೋಗ್ತೇವಿ," ಎಂದಿತು ಗುಂಪಿನ ಒಂದು ದನಿ.

"ಮೊದಲ ಹೋಗ್ರಿ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಪಕ್ಕದ ಕಾಟಿನ ಸುಶೀಲಾಬಾಯಿ, ತನ್ನದೇ ಕಾಲನ್ನು ತೂಗುಹಾಕಿಕೊಂಡವಳು, ಮುಂದೆ ಬಾಗಿದಳು. "ಎಂಥಾ ಮನಸವಾ ನಿಂದು! ಮುದಿ ಮನಶಾ ಹನ್ನೆರಡು ದಿನಾ ಉಪಾಸ ಅದಾನ. ಹಟಾ ಬಿಡು." ನರ್ಸು ಕೂಡ ಬಾಗಿಲಲ್ಲಿ ನಿಂತು ತಲೆಯಾಡಿಸಿದಳು. ಇಡೀ ವಾರ್ಡು ಮುರಿದ ಸೊಂಟದವಳನ್ನು ಬಿಟ್ಟು ಹಸಿದವನ ಪರವಾಯಿತು. ಸರುಬಾಯಿ ಸೊಸೆಯತ್ತ ನೋಡಿದಳು. ಗಲ್ಲೆಯ ಮೇಲೆ ಕೂತಿದ್ದ ಕಾಲದಲ್ಲಾದರೆ ಈ ಇಪ್ಪತ್ತು ಜನರನ್ನು ಎರಡು ಮಾತಿನಲ್ಲಿ ಓಡಿಸುತ್ತಿದ್ದಳು. ಈಗ ಉಸಿರು ಬಿಗಿಹಿಡಿದು ಮಾತಾಡಲು ಆಗುತ್ತಿರಲಿಲ್ಲ. ಬಿಟ್ಟು ಮಾತಾಡುವ ಹಾಗಿರಲಿಲ್ಲ.

"ಕ್ಷಮಾ ಮಾಡೇನಿ," ಎಂದಳು. "ಹೋಗ್ರಿನ್ನ."

ಹೆಂಗಸರು ಕಣ್ಣೊರೆಸಿಕೊಂಡರು. ಯಾರೋ ಜಯಕಾರ ಹಾಕಿದರು. ಪಾರಿಸರಾವ್ ಅವರ ಕೈಗೆ ಹೆಸರಿನ ಕಟ್ಟಿನ ಬೆಳ್ಳಿ ಲೋಟ ಬಂತು. ಹರ್ಷದ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಒತ್ತಿ ನೋಡಿದ.

"ಕಾಕಾ, ತಡೀರಿ, ಕುಡೀಬ್ಯಾಡ್ರಿ. ರೆಕಾರ್ಡಿಂಗ್ ಚಾಲೂ ಆಗಿದ್ದಿಲ್ಲ. ಅಜ್ಜೀ, ಇನ್ನೊಮ್ಮೆ ಅನ್ರಿ, ಪ್ಲೀಜ್. ಸ್ವಲ್ಪ ನಕ್ಕೋತ."

ಸರುಬಾಯಿ ಇನ್ನೊಮ್ಮೆ ಅಂದಳು. ಅಷ್ಟು ಹೊತ್ತಿಗೆ ದೀಪಾಲಿಯ ಸೆರಗಿನಡಿಯ ಪ್ಯಾನಿಗೆ ಕೆಲಸ ಉಳಿದಿರಲಿಲ್ಲ.