ನಂಬಿಗಸ್ತ ಸೊಸೆ

"ಪರದೆ ಎಳಿ," ಅಂದರು ಅತ್ತೆ, ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು. ಸೊಸೆ ಮಂಚದ ಸುತ್ತಲಿನ ಪರದೆ ಎಳೆದಳು.

"ಪೂರ್ತಿ ಎಳಿ. ಅರ್ಧಂಬರ್ಧ ಕೆಲಸ ನಿನ್ನ ಹುಟ್ಟುಗುಣ."

ಶ್ವಾಸಕೋಶ ಎರಡೂ ಒಣಗಿದ ತೊಗಲಿನಂತಾಗಿದ್ದರೂ ಬೈಯುವುದಕ್ಕೆ ಮಾತ್ರ ಅತ್ತೆಗೆ ಎಲ್ಲಿಂದಲೋ ಉಸಿರು ಹುಟ್ಟುತ್ತಿತ್ತು. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಅವರು ಊರಿಗೆಲ್ಲ ಇವತ್ತಿಗೂ ಹೆಡ್‌ಮಿಸ್. ಈ ಆಸ್ಪತ್ರೆಯ ದೊಡ್ಡ ಡಾಕ್ಟರು ಕೂಡ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ.

"ನನಗೆ ಆ ಮೆಷಿನ್ ಬೇಡ," ಅಂದರು ಅತ್ತೆ. "ಗಂಟಲಿಗೆ ಪೈಪು ಇಳಿಸೋದು ಬೇಡ. ಮಲಗಿದ ಹಾಗೇ ಹೋಗಿಬಿಡಬೇಕು."

"ಡಾಕ್ಟರಿಗೆ ಹೇಳಿ ಅತ್ತೆ. ನಿಮ್ಮ ಮಾತು ಮೀರ್ತಾರಾ ಅವರು?"

"ಯಾವ ಮುಖ ಇಟ್ಕೊಂಡು ಹೇಳಲಿ? ಮಗನ ವಿಷಯದಲ್ಲಿ ಆ ಡಾಕ್ಟರ ಮುಂದೆ ಅಷ್ಟೆಲ್ಲ ಮಾತಾಡಿ, ನನ್ನ ಸರದಿ ಬಂದಾಗ ಬೇಡ ಅನ್ನಲಾ? ನೀನು ಹೇಳು. ನಿನ್ನದೇ ತೀರ್ಮಾನ ಅನ್ನೋ ಹಾಗೆ ಹೇಳು."

"ಜನ ಏನಂತಾರೆ?"

"ಸೊಸೆ ಕೈ ತೊಳ್ಕೊಂಡಳು ಅಂತಾರೆ. ಅನ್ಲಿ ಬಿಡು. ಕೆಡೋದಕ್ಕೆ ನಿನಗೇನು ಊರಲ್ಲಿ ಹೆಸರಿದೆಯಾ?"

"ಚಿಕ್ಕತ್ತೆಗೆ ಹೇಳಬಹುದಿತ್ತು."

"ನನ್ನ ತಂಗೀನಾ? ಗೋಳೋ ಅಂತ ಅತ್ತು ಇರೋ ಬರೋ ಮೆಷಿನ್ನೆಲ್ಲ ಹಾಕಿಸ್ತಾಳೆ. ಪ್ರೀತಿ ಇರೋರು ಯಾರೂ ಬಿಟ್ಟುಕೊಡಲ್ಲ ಕಣೇ. ನಿನಗೆ ನನ್ನ ಕಂಡರೆ ಆಗಲ್ಲ. ಅದಕ್ಕೇ ನಿನ್ನನ್ನ ನಂಬಿದೀನಿ." ಮಾಸ್ಕ್ ಮುಖದ ಮೇಲೆ ಬಿತ್ತು. "ಹೇಳ್ತೀಯಾ?"

"ಹೂಂ," ಅಂದಳು ಸೊಸೆ.

ಹಿಂದಿನ ವರ್ಷ ಇದೇ ಮಹಡಿಯಲ್ಲಿ ಅವಳ ಗಂಡ ಮಲಗಿದ್ದ. ನರಗಳೆಲ್ಲ ಒಂದೊಂದಾಗಿ ಸೋತುಹೋಗುವ ಕಾಯಿಲೆ. ನಾಲಿಗೆ ಹೊರಳುತ್ತಿದ್ದಾಗಲೇ ಅವನು ಅವಳ ಹತ್ತಿರ ಮಾತು ತೆಗೆದುಕೊಂಡಿದ್ದ. "ಕೊನೆಗೆ ನನ್ನನ್ನ ಬಿಟ್ಟುಬಿಡು, ಆಯ್ತಾ? ಕುಂಡದ ಗಿಡಕ್ಕೆ ಹಾಕಿದ ಹಾಗೆ ನೀರು ಹಾಕ್ತಾ ಕೂತ್ಕೋಬೇಡ." ಆ ಮಾತನ್ನು ಅವಳು ಡಾಕ್ಟರಿಗೆ ಹೇಳಿದ್ದಳು, ವಾರ್ಡಿನ ಹೊರಗೆ, ಕಿಟಕಿಯ ಪಕ್ಕ. ಅತ್ತೆ ಇಬ್ಬರ ನಡುವೆ ಬಂದು ನಿಂತರು.

"ಮೊನ್ನೆ ಬಂದವಳು ನೀನು. ಹೆತ್ತವಳು ನಾನು," ಅಂದರು. ಆಮೇಲೆ ಡಾಕ್ಟರ ಕಡೆ ತಿರುಗಿ, "ಕೊನೇ ಉಸಿರಿನ ತನಕ ಬಿಡಬಾರದು ಅಂತ ನಿನಗೂ ಕಲಿಸಿದ್ದೆ, ಮರೆತೆಯೇನೋ?"

ಡಾಕ್ಟರು ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ಪೈಪು ಹಾಕಿದರು.

ಇಡೀ ಬೇಸಿಗೆ ಅವನು ಹಾಗೇ ಇದ್ದ. ಬೆನ್ನಿನ ಹುಣ್ಣು ಮೂಳೆಯವರೆಗೆ ಇಳಿಯಿತು. ಮಗ್ಗುಲು ಬದಲಿಸುವಾಗ ಗಂಟಲಲ್ಲಿ ಸದ್ದಿರಲಿಲ್ಲ, ಕಣ್ಣಂಚಿನಿಂದ ನೀರಷ್ಟೇ ಇಳಿಯುತ್ತಿತ್ತು. ಮಾತು ಕೊಟ್ಟಿದ್ದೆಯಲ್ಲ ಎಂದು ಆ ಕಣ್ಣು ಕೇಳುತ್ತಿತ್ತು. ನೋಡಲು ಬಂದವರು ಅತ್ತೆಯ ಕೈ ಹಿಡಿದು, ತಾಯಿ ಅಂದರೆ ಹೀಗಿರಬೇಕು ಎಂದು ಹೇಳಿ ಹೋಗುತ್ತಿದ್ದರು. ಅವನು ಹೋದ ದಿನ ಸೊಸೆ ಅಳಲಿಲ್ಲ. ಎಂಥಾ ಕಲ್ಲು ಹೆಂಗಸಪ್ಪಾ ಎಂದು ಯಾರೋ ಹಿಂದಿನಿಂದ ಅಂದದ್ದು ಕೇಳಿಸಿತ್ತು.

ಪರದೆ ಎಳೆಸಿದ ಮರುದಿನ ಎಷ್ಟು ಕೂಗಿದರೂ ಅತ್ತೆ ಓಗೊಡಲಿಲ್ಲ. ಡಾಕ್ಟರು ಸೊಸೆಯನ್ನು ಹೊರಗೆ ಕರೆದರು.

"ಮಿಸ್‌ಗೆ ಪ್ರಜ್ಞೆ ತಪ್ತಾ ಇದೆ. ಈಗ ಮೆಷಿನ್‌ಗೆ ಹಾಕಿದರೆ ಜೀವ ಉಳಿಯಬಹುದು. ಆದರೆ ಮತ್ತೆ ತೆಗೆಯೋಕಾಗುತ್ತೆ ಅನ್ನೋ ನಂಬಿಕೆ ನನಗಿಲ್ಲ. ತಿಂಗಳುಗಟ್ಟಲೆ ಹಾಗೇ ಇದ್ದುಬಿಡಬಹುದು. ಹಾಕದಿದ್ದರೆ ನೋವಾಗದ ಹಾಗೆ ನಾನು ನೋಡ್ಕೋತೀನಿ, ನೆಮ್ಮದಿಯಾಗಿ ಹೋಗ್ತಾರೆ." ಅವರ ದನಿ ತಗ್ಗಿತು. "ನಿಮ್ಮ ಹತ್ತಿರ ಏನಾದರೂ ಹೇಳಿದ್ರಾ?"

ಬೇಡ ಅನ್ನಲಿ ಎಂದು ಅವರು ಕಾಯುತ್ತಿರುವುದು ಅವಳಿಗೆ ಗೊತ್ತಾಯಿತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಏನೂ ಹೇಳಿಲ್ಲ," ಅಂದಳು. "ಅವರ ಮನಸ್ಸು ನಿಮಗೇ ಗೊತ್ತಲ್ಲ ಡಾಕ್ಟ್ರೇ. ಇದೇ ಜಾಗದಲ್ಲಿ ನಿಂತು ನಮ್ಮಿಬ್ಬರಿಗೂ ಪಾಠ ಮಾಡಿದ್ರು. ಅವರು ಬೇಡ ಅನ್ನೋರಾ?"

"ಅದು ಮಗನ ವಿಷಯ. ಹೆತ್ತ ಕರುಳು..."

"ನನಗೂ ಅವರು ತಾಯಿ ಇದ್ದ ಹಾಗೇ. ಎಲ್ಲ ಮಾಡಿ. ಏನೇನಿದೆಯೋ ಎಲ್ಲ."

ಡಾಕ್ಟರು ಅವಳ ಮುಖದಲ್ಲಿ ಏನನ್ನೋ ಹುಡುಕಿದರು. ಸಿಕ್ಕಿತೋ ಇಲ್ಲವೋ, ಪೈಪು ಹಾಕಲು ಒಳಗೆ ಹೋದರು.

ಸಂಜೆ ಬಂದ ಚಿಕ್ಕತ್ತೆ ಅವಳನ್ನು ತಬ್ಬಿಕೊಂಡು ಅತ್ತರು. "ನಿನ್ನ ಬಗ್ಗೆ ನಾನು ಏನೇನೋ ಅಂದ್ಕೊಂಡಿದ್ದೆ ಕಣೇ. ಹೊಟ್ಟೇಲಿ ಹುಟ್ಟಿದ ಮಗಳೂ ಇಷ್ಟು ಮಾಡಲ್ಲ." ಹೆಗಲು ಒದ್ದೆಯಾಗುವ ತನಕ ಅವಳು ಅಲ್ಲಾಡದೆ ನಿಂತಿದ್ದಳು.

ಮಂಪರಿನ ಔಷಧಿ ಕಡಿಮೆ ಮಾಡಿದ ದಿನ ಅತ್ತೆ ಕಣ್ಣು ಬಿಟ್ಟರು. ಬಾಯಿಯಲ್ಲಿದ್ದ ಪೈಪನ್ನು ನಾಲಿಗೆಯಿಂದ ತಳ್ಳಿ ನೋಡಿದರು. ಅದು ಕದಲಲಿಲ್ಲ. ಆಮೇಲೆ ಆ ಕಣ್ಣುಗಳು ಸೊಸೆಯನ್ನು ಹುಡುಕಿ ನಿಂತವು. ಹುಬ್ಬು ಗಂಟಾಯಿತು. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

ಈ ಗಳಿಗೆ ಸಿಹಿಯಾಗಿರುತ್ತದೆ ಎಂದು ಸೊಸೆ ಅಂದುಕೊಂಡಿದ್ದಳು. ಸಿಹಿಯಾಗಿರಲಿಲ್ಲ. ಆದರೂ ಅವಳು ಡಾಕ್ಟರನ್ನು ಕರೆಯಲಿಲ್ಲ.

"ನಿಮ್ಮನ್ನ ಬಿಟ್ಟರೆ ನನಗೆ ಇನ್ಯಾರಿದ್ದಾರೆ ಅತ್ತೆ?" ಅಂದಳು, ಪಕ್ಕದ ಮಂಚದ ಹತ್ತಿರವಿದ್ದ ನರ್ಸಿಗೂ ಕೇಳುವ ಹಾಗೆ. ನರ್ಸ್ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು.

ಮಂಚದ ಪಕ್ಕದ ಡ್ರಾಯರಿನಲ್ಲಿ ಅತ್ತೆಯ ಕನ್ನಡಕ ಇತ್ತು. ಕನ್ನಡಕದಂಗಡಿಯಲ್ಲಿ ದಿನವಿಡೀ ಕನ್ನಡಕ ಒರೆಸಿ ಕೂರಿಸುವ ಕೆಲಸ ಮಾಡುವವಳು ಅವಳು. ಗಾಜಿನ ಎರಡೂ ಬದಿಗೆ ಬಾಯಿಯ ಹಬೆ ಊದಿ, ಮೆತ್ತನೆ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು. ಪೈಪನ್ನು ಹಿಡಿದಿದ್ದ ಪಟ್ಟಿ ಕೆನ್ನೆ ದಾಟಿ ಕಿವಿಯವರೆಗೂ ಹೋಗಿತ್ತು. ಕನ್ನಡಕದ ಕಡ್ಡಿ ಅಲ್ಲಿ ಒತ್ತದಿರಲೆಂದು ಅದನ್ನು ಹೆಬ್ಬೆರಳಿಂದ ಚೂರು ಬಗ್ಗಿಸಿದಳು. ಹಾಕಿ ನೋಡಿ, ತೆಗೆದು, ಇನ್ನೊಂಚೂರು ಬಗ್ಗಿಸಿ ಮತ್ತೆ ಹಾಕಿದಳು.

ಈಗ ಸರಿಯಾಗಿ ಕೂತಿತು. ದಪ್ಪ ಗಾಜಿನ ಹಿಂದೆ ಆ ಎರಡು ಕಣ್ಣುಗಳು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದವು.