ಎದುರುಮನೆಯ ಮೀಟರು

"ಸಾರ್, ಮೇನ್ ಆಫ್ ಮಾಡಿದ್ರಾ?" ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಯ ಬಳಿಯಿಂದ ಮೆಕ್ಯಾನಿಕ್ ಮೂರನೇ ಸಲ ಕೂಗಿದ.

"ಮಾಡಿ ಹತ್ತು ನಿಮಿಷ ಆಯ್ತಪ್ಪಾ! ಫ್ರಿಜ್ಜೂ ನಿಂತಿದೆ, ನನ್ನ ಹೆಂಡ್ತಿ ಬೈಗುಳ ಮಾತ್ರ ಓಡ್ತಾ ಇದೆ," ಎಂದು ತಕ್ಕಡಿ ಸಾಹೇಬರು ಎರಡನೇ ಮಹಡಿಯ ಕಂಬಿಯಿಂದ ಬಗ್ಗಿ ಉತ್ತರ ಕೊಟ್ಟರು.

"ಹಂಗಾದ್ರೆ ಒಂದ್ಸಲ ಕೆಳಗೆ ಬನ್ನಿ. ನೀವೇ ನೋಡಿ."

ಅಳತೆ ತೂಕದ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದ ಮನುಷ್ಯ ಅವರು. ಅಂಗಡಿಯವರು ಬೆನ್ನ ಹಿಂದೆ ಇಟ್ಟ ಹೆಸರು ಈ ಕಟ್ಟಡಕ್ಕೂ ಹಿಂಬಾಲಿಸಿಕೊಂಡು ಬಂದಿತ್ತು. ಸಾಹೇಬರಿಗೆ ಅದರ ಮೇಲೆ ಸಿಟ್ಟೇನೂ ಇರಲಿಲ್ಲ. ಒಳಗೊಳಗೇ ಇಷ್ಟವೇ ಇತ್ತು. ಹೆಂಡತಿ ಅಡುಗೆಮನೆಯಿಂದ ಒಂದು ಕಾಲು ಹೊರಗಿಡುವಷ್ಟರಲ್ಲಿ ಅವರ ಬೆರಳು ಅಲ್ಲಿನ ದೀಪದ ಸ್ವಿಚ್ಚಿನ ಮೇಲಿರುತ್ತಿತ್ತು. ಒಂಬತ್ತು ವರ್ಷಗಳಿಂದ ಇಡೀ ಕಟ್ಟಡದಲ್ಲಿ ಅತಿ ಕಡಿಮೆ ಬಿಲ್ಲು ಅವರದೇ. ಬಿಲ್ಲುಗಳನ್ನೆಲ್ಲ ಫೈಲು ಮಾಡಿ, ಬಂದವರಿಗೆ ಮಕ್ಕಳ ಮದುವೆ ಆಲ್ಬಮ್ಮಿನಂತೆ ತೋರಿಸುತ್ತಿದ್ದರು. ಎರಡು ಹೊತ್ತೂ ಬಿಸಿನೀರಿನ ಗೀಸರು, ಮಲಗುವ ಕೋಣೆಗೆ ದೊಡ್ಡ ಹೀಟರು, ಹೋದ ವರ್ಷ ಬಟ್ಟೆ ಒಣಗಿಸುವ ಮಷಿನ್ನು. "ನಮ್ಮ ಬಿಲ್ಲೇ ಅಷ್ಟು ಕಡಿಮೆ, ಇದೊಂದರಿಂದ ಏನಾಗತ್ತೆ" ಎಂದು ಒಂದೊಂದಾಗಿ ಮನೆಗೆ ಬಂದಿದ್ದವು.

ಈಗ ಕಡಿಮೆ ಬಳಸುವವರಿಗೆ ರಿಯಾಯಿತಿ ಕೊಡುವ ಹೊಸ ವಿದ್ಯುತ್ ಕಂಪನಿಯೊಂದು ಬಂದಿತ್ತು. ರಿಯಾಯಿತಿಗೆ ತನಗಿಂತ ಯೋಗ್ಯ ಯಾರಿದ್ದಾರೆ ಎಂದು ಸಾಹೇಬರು ಹಳೆಯ ಕಂಪನಿ ಬಿಟ್ಟು ಅದಕ್ಕೆ ಬದಲಾಯಿಸಿಕೊಂಡಿದ್ದರು. ಮೀಟರು ಬದಲಿಸಲು ಮೆಕ್ಯಾನಿಕ್ ಬಂದದ್ದು ಅದಕ್ಕೇ.

"ಈ ಕೆಂಪು ದೀಪ ನೋಡಿ ಸಾರ್," ಎಂದ ಅವನು. "ನಿಮ್ಮನೇಲಿ ಎಲ್ಲಾ ಬಂದ್ ಆಗಿದೆ ಅಂತೀರ. ಇದು ಮಿನುಗ್ತಾನೇ ಇದೆ."

ಸಾಹೇಬರು ಕನ್ನಡಕ ಏರಿಸಿ ನೋಡಿದರು. ದೀಪ ನಿಧಾನವಾಗಿ ಮಿನುಗುತ್ತಿತ್ತು. ಮೇಲಿನಿಂದ ಹೊಲಿಗೆ ಯಂತ್ರದ ಟರ್‍ರೆನ್ನುವ ಸದ್ದು ಕೇಳಿಸಿತು; ದೀಪ ಚುರುಕಾಯಿತು. ಸದ್ದು ನಿಂತಿತು, ದೀಪ ಮತ್ತೆ ನಿಧಾನವಾಯಿತು. ಇನ್ನೊಂದು ಸಲ ಟರ್‍ರೆಂದಿತು. ಮೆಕ್ಯಾನಿಕ್ ಬಾಯಿ ತೆರೆಯುವ ಮೊದಲೇ ಸಾಹೇಬರಿಗೆ ವಿಷಯ ತಿಳಿದುಹೋಗಿತ್ತು.

"ಮೀಟರು ನಿಮ್ಮ ಹೆಸರಲ್ಲಿದೆ, ಓಡ್ತಾ ಇರೋದು ಎದುರುಮನೆಗೆ. ಕಟ್ಟಡ ಕಟ್ಟಿದಾಗ್ಲೇ ವೈರು ಅದಲುಬದಲು ಮಾಡಿಬಿಟ್ಟಿದಾರೆ. ಇಷ್ಟು ವರ್ಷ ನಿಮ್ಮ ಬಿಲ್ಲು ಅವರು ಕಟ್ಟಿದಾರೆ, ಅವರ ಬಿಲ್ಲು ನೀವು," ಎಂದು ಅವನು ನಕ್ಕ. "ಅವ್ರದ್ದು ಜಾಸ್ತಿ ಬರ್ತಿತ್ತಾ ಸಾರ್?"

ಎಷ್ಟು ಬರುತ್ತಿತ್ತು ಎಂದು ಸಾಹೇಬರಿಗೆ ಗೊತ್ತಿಲ್ಲದೆ ಏನು? ಎದುರುಮನೆಯ ಟೈಲರಮ್ಮ, ಗಂಡ ತೀರಿಕೊಂಡ ಮೇಲೆ ಹೊಲಿಗೆಯಿಂದಲೇ ತನ್ನನ್ನೂ ಅತ್ತೆಯನ್ನೂ ಸಾಕುತ್ತಿದ್ದವಳು, ಎರಡು ವರ್ಷದ ಹಿಂದೆ ಬಿಲ್ಲು ಹಿಡಿದುಕೊಂಡು ಅವರ ಬಾಗಿಲಿಗೇ ಬಂದಿದ್ದಳು. "ಸಾಹೇಬ್ರೇ, ನೀವು ಅಳತೆ ನೋಡೋರು. ನಮ್ಮ ಮೀಟರ್ ಒಂದ್ಸಲ ನೋಡ್ತೀರಾ? ಏನೋ ಸರಿ ಇಲ್ಲ ಅನ್ಸತ್ತೆ." ಸಾಹೇಬರು ಕುರ್ಚಿಯಿಂದ ಏಳಲೂ ಇಲ್ಲ. "ಮೀಟರು ಸುಳ್ಳು ಹೇಳಲ್ಲಮ್ಮ. ನಾವೇ ಕೈ ಬಿಗಿ ಹಿಡೀಬೇಕು" ಎಂದು ಅರ್ಧ ಗಂಟೆ ಉಪದೇಶ ಮಾಡಿ, ಏನೇನು ಆರಿಸಬೇಕು ಎಂಬ ಪಟ್ಟಿಯನ್ನು ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದು ಕೊಟ್ಟಿದ್ದರು. ಅಲ್ಲಿಗೂ ಮುಗಿಯಲಿಲ್ಲ. ಆಕೆ ಮನೆಯ ದೀಪ ಉಳಿಸಲೆಂದು ಸಂಜೆ ಮೆಟ್ಟಿಲ ಮೇಲೆ ಕೂತು ಬಟ್ಟೆಗಳಿಗೆ ಗುಂಡಿ ಹೊಲಿಯತೊಡಗಿದಾಗ, ಮೆಟ್ಟಿಲ ದೀಪ ಎಲ್ಲರದ್ದು, ಸ್ವಂತ ಕೆಲಸಕ್ಕಲ್ಲ ಎಂದು ನಿವಾಸಿಗಳ ಸಭೆಯಲ್ಲಿ ಎದ್ದು ನಿಂತು ಮಾತಾಡಿದವರೂ ಅವರೇ. ಅವಳ ಬಿಲ್ಲನ್ನು ಎಲ್ಲರೆದುರು ಓದಿದ್ದರು. ಆಕೆ ಅಲ್ಲೇ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ನೌಕರಿಯಲ್ಲಿದ್ದಾಗ ಅವರು ಯಾವ ತಕ್ಕಡಿಯನ್ನೂ ನೋಡಿ ನಂಬಿದವರಲ್ಲ. ತೂಕದ ಬಟ್ಟನ್ನು ಆ ತಟ್ಟೆಯಿಂದ ಈ ತಟ್ಟೆಗೆ ಬದಲಿಸಿ ನೋಡದೆ ಒಂದು ಅಂಗಡಿಗೂ ಮುದ್ರೆ ಒತ್ತಿದವರಲ್ಲ. ಮೇನ್ ಆರಿಸಿ ಕೆಳಗೆ ಬಂದು ನೋಡಲು ಎರಡು ನಿಮಿಷ ಸಾಕಿತ್ತು. ಯಾಕೆ ನೋಡಲಿಲ್ಲ? ಬಿಚ್ಚಿ ಹೇಳಬೇಕೆಂದರೆ, ದಿನವಿಡೀ ಮಷಿನ್ನು ಓಡಿಸುವ ಹೆಂಗಸಿಗೆ ಹೆಚ್ಚು ಬಿಲ್ಲು ಬಂದದ್ದು, ತನ್ನಂಥವನಿಗೆ ಕಡಿಮೆ ಬಂದದ್ದು ಅವರಿಗೆ ನ್ಯಾಯವಾಗಿಯೇ ಕಂಡಿತ್ತು.

"ಇದಕ್ಕೇನು ಮಾಡ್ಬೇಕೀಗ?" ಎಂದರು.

"ವೈರು ಸರಿ ಮಾಡ್ತೀನಿ. ಇನ್ಮೇಲೆ ಅವ್ರದ್ದು ಅವ್ರಿಗೆ, ನಿಮ್ಮದು ನಿಮಗೆ. ಹಿಂದಿನದ್ದಕ್ಕೆ ಅವರು ಅರ್ಜಿ ಹಾಕಿದ್ರೆ ಹಳೇ ಕಂಪನಿಯವರು ಲೆಕ್ಕ ತೆಗೆದು ನಿಮ್ಮಿಂದ ವಸೂಲಿ ಮಾಡ್ತಾರೆ." ಮೆಕ್ಯಾನಿಕ್ ದನಿ ತಗ್ಗಿಸಿದ. "ಅವ್ರಿಗೆ ಗೊತ್ತಾಗ್ದಿದ್ರೆ ಯಾರೂ ಕೇಳಲ್ಲ ಸಾರ್. 'ವೈರಿಂಗ್ ಸರಿಪಡಿಸಲಾಗಿದೆ' ಅಂತ ಒಂದೇ ಸಾಲು ಬರೀಲಾ?"

ಸಾಹೇಬರು ಮೆಟ್ಟಿಲ ಕಡೆ ನೋಡಿದರು. ಯಾರೂ ಇರಲಿಲ್ಲ.

"ಅಷ್ಟೇ ಬರಿ," ಎಂದರು.

ಎಷ್ಟೋ ಅಂಗಡಿಗಳ ಕದ ಮುಚ್ಚಿಸಿದ್ದ ಸಹಿ ಆ ಕಾಗದದ ಮೇಲೆ ಕುಂಟುತ್ತ ಬಿತ್ತು. ಮೆಕ್ಯಾನಿಕ್ ಎರಡೂ ಮನೆಯ ಕರೆಂಟು ತೆಗೆದು, ವೈರು ಬದಲಿಸಿ, ಹೊಸ ಮೀಟರು ಕೂರಿಸಿ, ಮತ್ತೆ ಕರೆಂಟು ಕೊಟ್ಟ. ಸಾಹೇಬರು ಕಂಬಿ ಹಿಡಿದುಕೊಂಡು ಮೇಲೆ ಹತ್ತಿದರು. ಸದ್ದಿಲ್ಲದೆ ಒಳಗೆ ಸೇರಿಕೊಂಡುಬಿಡೋಣ ಎಂದು ಚಿಲಕಕ್ಕೆ ಕೈಹಾಕುವಾಗ ಬೆನ್ನ ಹಿಂದೆ ಎದುರುಮನೆಯ ಬಾಗಿಲು ತೆರೆಯಿತು.

ಟೈಲರಮ್ಮ ನಿಂತಿದ್ದಳು. ಕೊರಳಲ್ಲಿ ಟೇಪು, ತುಟಿಯ ಮೂಲೆಯಲ್ಲಿ ಗುಂಡುಸೂಜಿ. ಸೂಜಿಯನ್ನು ತೆಗೆದು ತೋಳಿಗೆ ಚುಚ್ಚಿಕೊಂಡಳು.

"ಸಾಹೇಬ್ರೇ, ಕರೆಂಟ್ ಹೋಗಿ ಬಂತು. ನನ್ನ ಮಷಿನ್ನಿಂದ ನಿಮ್ಗೇನಾದ್ರೂ ತೊಂದ್ರೆ ಆಯ್ತಾ? ಇಸ್ತ್ರಿ ಪೆಟ್ಟಿಗೆ ಹಾಕಿರ್ಲಿಲ್ಲ, ನಿಜವಾಗ್ಲೂ. ಬೇಕಾದ್ರೆ ಒಳಗೆ ಬಂದು ನೋಡಿ."

'ಇಲ್ಲಮ್ಮ' ಎಂದು ಬಿಟ್ಟರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಆದರೆ ಆಕೆ ಒಳಗೆ ಬಂದು ನೋಡಿ ಎಂದು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತದ್ದನ್ನು, ತಪಾಸಣೆಗೆ ಬಂದ ಅಧಿಕಾರಿಯೆದುರು ಸರಿದು ನಿಲ್ಲುವ ಸಣ್ಣ ಅಂಗಡಿಯವರಂತೆ ನಿಂತದ್ದನ್ನು, ಸಾಹೇಬರಿಗೆ ನೋಡಲಾಗಲಿಲ್ಲ.

"ತೊಂದ್ರೆ ನಿಮ್ಮಿಂದಲ್ಲಮ್ಮ. ನನ್ನಿಂದ," ಎಂದರು. ಮತ್ತೆ ಹೇಳತೊಡಗಿದರು. ಕೆಂಪು ದೀಪ, ವೈರು, ಒಂಬತ್ತು ವರ್ಷ.

"ಅಂದ್ರೆ ನಮ್ಮ ಬಿಲ್ಲು ತಪ್ಪಾಗಿ ಬರ್ತಿತ್ತಾ?"

"ಬಿಲ್ಲು ಸರಿಯಾಗೇ ಬರ್ತಿತ್ತು. ಅದು ನಮ್ಮನೇದು. ನೀವು ಕಟ್ತಿದ್ರಿ." ಅಷ್ಟು ಹೇಳಿದ ಮೇಲೆ ಅವರು ಕಂಬಿಯ ಬಳಿ ಓಡಿ ಬಗ್ಗಿದರು. "ಏ ಮೆಕ್ಯಾನಿಕ್, ಹೋಗ್ಬೇಡಪ್ಪಾ! ಆ ಕಾಗದ ಹರಿದು ಹಾಕು. ಬೇರೆ ಬರಿ. ಕಂಡದ್ದೆಲ್ಲ ಬರಿ, ಯಾರ ಬಿಲ್ಲು ಯಾರು ಕಟ್ಟಿದ್ರು ಅಂತ ಬರಿ!"

ಮೇಲಿನ ಮಹಡಿಯಲ್ಲಿ ಒಂದು ಬಾಗಿಲು ತೆರೆದದ್ದು ಕೇಳಿಸಿತು. ಹೆಂಡತಿ ಹೊರಗೆ ಬಂದು "ಯಾಕ್ರೀ ಊರಿಗೆಲ್ಲ ಕೇಳೋ ಹಾಗೆ ಕೂಗ್ತೀರ?" ಎಂದಳು. ಸಾಹೇಬರು ಅವಳ ಮುಖವನ್ನೂ ನೋಡಲಿಲ್ಲ.

"ಅರ್ಜಿ ನಾನೇ ಬರ್ಕೊಡ್ತೀನಮ್ಮ. ಇವತ್ತೇ. ನೀವು ಸಹಿ ಹಾಕಿ ಸಾಕು. ನನ್ನಿಂದ ಪೂರ್ತಿ ವಸೂಲಾಗ್ಲಿ," ಎಂದು ತಿರುಗಿದರೆ ಟೈಲರಮ್ಮ ಅವರ ಮಾತು ಕೇಳುತ್ತಲೇ ಇರಲಿಲ್ಲ. ತನ್ನ ಮನೆಯ ಒಳಗೆ ನೋಡುತ್ತಿದ್ದಳು.

"ನಾನು ಅತ್ತೆಗೆ ಬೈದುಬಿಟ್ಟಿದೀನಿ ಸಾಹೇಬ್ರೇ," ಎಂದಳು ಮೆಲ್ಲಗೆ. "ಹೀಟರ್ ಹಾಕ್ಕೊಂಡು ನಿದ್ದೆ ಮಾಡ್ತೀರಿ, ನನ್ನ ರಕ್ತ ಹೀರ್ತೀರಿ ಅಂತ. ಕಟ್ಟಿ ಬೀರು ಮೇಲೆ ಇಟ್ಬಿಟ್ಟೆ. ಎರಡು ಚಳಿಗಾಲ ಆಯ್ತು. ನಿಮ್ಮ ಪಟ್ಟೀಲಿ ಮೊದಲನೇದು ಅದೇ ಇತ್ತಲ್ಲ."

ಆಕೆ ಚುಚ್ಚಿ ಆಡಿದ ಮಾತಲ್ಲ ಅದು. ಚುಚ್ಚಿ ಆಡಿದ್ದರೆ ಸಾಹೇಬರಿಗೆ ಎಷ್ಟೋ ಹಗುರವಾಗುತ್ತಿತ್ತು.

ಒಳಗೆ ಹೋದ ಆಕೆ ಬೀರುವಿನ ಎದುರು ತುದಿಗಾಲಲ್ಲಿ ನಿಂತಳು. ಕೈ ಎಟುಕಲಿಲ್ಲ. ಸಾಹೇಬರು ಕೇಳದೆಯೇ ಒಳಗೆ ಹೋಗಿ, ಕೈ ಚಾಚಿ, ದಾರ ಕಟ್ಟಿದ ಡಬ್ಬವನ್ನು ಇಳಿಸಿದರು. ಧೂಳು ಮುಖದ ಮೇಲೆ ಉದುರಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ ಎರಡು ಸ್ವೆಟರ್ ಹಾಕಿಕೊಂಡು, ಹೊಲಿಗೆಯಲ್ಲಿ ಉಳಿದ ಚಿಂದಿ ತುಂಬಿದ ಚೀಲದೊಳಗೆ ಎರಡೂ ಕಾಲು ತೂರಿಸಿ ಕೂತಿದ್ದರು. ಕಣ್ಣು ಮಂಜಾಗಿ ವರ್ಷಗಳಾಗಿದ್ದವು; ಬಾಗಿಲಾಚೆಯ ಮಾತೂ ಕಿವಿಗೆ ಸರಿಯಾಗಿ ಬೀಳುತ್ತಿರಲಿಲ್ಲ.

"ಅತ್ತೆ, ಹೀಟರ್ ಹಾಕ್ತೀನಿ," ಎಂದಳು ಟೈಲರಮ್ಮ.

"ಯಾಕೆ ತಾಯಿ? ನಂಗೇನೂ ಚಳಿ ಇಲ್ಲ."

ಟೈಲರಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು. ಸಾಹೇಬರು ನೆಲದ ಮೇಲೆ ಮಂಡಿಯೂರಿ ದಾರ ಬಿಚ್ಚಿದರು. ಅಂಗಿಯ ತೋಳಿನಿಂದಲೇ ಧೂಳು ಒರೆಸಿದರು. ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಒತ್ತಿದರು. ಸುಟ್ಟ ಧೂಳಿನ ವಾಸನೆ ಬಂತು. ಸರಳು ಮೆಲ್ಲಗೆ ಕೆಂಪೇರತೊಡಗಿತು.

"ರಿಪೇರಿಯವರಾ?" ಎಂದು ಮುದುಕಿ ಅವರ ಕಡೆ ಬಗ್ಗಿದರು.

"ಹೂಂ," ಎಂದರು ಸಾಹೇಬರು.

ಒಂದು ನಿಮಿಷವಾಯಿತೋ ಇಲ್ಲವೋ. "ಸಾಕಪ್ಪಾ. ಬೆಚ್ಚಗಾಯ್ತು, ಆರಿಸ್ಬಿಡು," ಎಂದರು ಮುದುಕಿ. ಆಮೇಲೆ ಗುಟ್ಟಿನಂತೆ, "ಎದುರುಮನೆ ಸಾಹೇಬ್ರಿಗೆ ಗೊತ್ತಾದ್ರೆ ನಮ್ಮ ಹುಡುಗಿಗೆ ಮತ್ತೆ ಎಲ್ಲರೆದುರು ಬೈತಾರೆ. ಪಾಪ, ಅವತ್ತು ಊಟಾನೇ ಮಾಡ್ಲಿಲ್ಲ ಅದು."

ಸಾಹೇಬರ ಕೈ ಸ್ವಿಚ್ಚಿನ ಮೇಲೇ ಇತ್ತು. ತೆಗೆಯಲಿಲ್ಲ, ಒತ್ತಲೂ ಇಲ್ಲ.

"ಬೈಯಲ್ಲಮ್ಮ," ಎಂದರು. "ಇನ್ನೂ ಸ್ವಲ್ಪ ಹೊತ್ತು ಇರ್ಲಿ."

ಮುದುಕಿ ಅಡುಗೆಮನೆಯ ಕಡೆ ಒಮ್ಮೆ ಕಿವಿಗೊಟ್ಟರು. ನಂತರ ಒಂದು ಕಾಲನ್ನು ಚೀಲದಿಂದ ಹೊರಗೆ ತೆಗೆದು, ಸರಳಿನ ಬೆಳಕಿಗೆ ಮೆಲ್ಲಗೆ ಚಾಚಿದರು. ಬೆರಳುಗಳ ಸಂದಿಯಲ್ಲಿ ಹಸಿರು, ನೀಲಿ, ಕೆಂಪು ದಾರದ ಎಳೆಗಳು ಅಂಟಿಕೊಂಡಿದ್ದವು.