ಹುಳು ಮನೆಯ ಗೋಡೆ

"ಅಷ್ಟಕ್ಕೇ ನಿಲ್ಸು ಕದಿರೇಶ," ಎಂದಳು ಅನಿತ. ಎರಡನೇ ಥರ್ಮಾಕೋಲ್ ಹಲಗೆಗೆ ಗಮ್ ಬಳಿಯುತ್ತಿದ್ದ ಗಂಡನ ತಮ್ಮ ಕುಂಚ ಹಿಡಿದೇ ತಿರುಗಿದ. ಮೊದಲನೆಯದನ್ನು ನಿನ್ನೆ ಮಧ್ಯಾಹ್ನವೇ ಪಡುವಣ ಗೋಡೆಗೆ ಅಂಟಿಸಿಯಾಗಿತ್ತು.

ಹುತ್ತೂರಿನ ಆ ಹುಳು ಮನೆಯ ಗೋಡೆಗಳು ಮೊದಲೇ ಅಂಗಿಯ ಮೇಲೆ ಅಂಗಿ ತೊಟ್ಟಂಥವು. ಎರಡು ಸಾಲು ಇಟ್ಟಿಗೆ, ನಡುವೆ ಥರ್ಮಾಕೋಲ್. ಆದರೂ ಕಳೆದ ಬೆಳೆಯಲ್ಲಿ, ನಾಲ್ಕನೇ ಜ್ವರವೆಂಬ ನಿದ್ದೆ ಕಳೆದು ಪೊರೆ ಬಿಟ್ಟೆದ್ದ ರೇಷ್ಮೆ ಹುಳುಗಳು ಸೆಕೆಗೆ ಸೊಪ್ಪು ಮುಟ್ಟದೆ, ಶಾಪ ತಗುಲಿದ ರಾಜಕುಮಾರಿಯರಂತೆ ತಲೆಯೆತ್ತಿ ಸುಮ್ಮನಾಗಿಬಿಟ್ಟಿದ್ದವು. ಅರ್ಧಕ್ಕರ್ಧ ತಿಪ್ಪೆ ಸೇರಿದವು. ಗುರುವಾರ ಹೊಸ ಮರಿಹುಳುಗಳು ಬರಲಿದ್ದವು. ಈ ಬೆಳೆಯೂ ಕೈಕೊಟ್ಟರೆ ಹಿಪ್ಪುನೇರಳೆ ಕಿತ್ತು ಟೊಮೇಟೊ ಹಾಕುವುದೇ ಸೈ ಎಂದು ಅತ್ತೆ ಶ್ಯಾಮಲಮ್ಮ ಹೇಳಿಯಾಗಿತ್ತು.

"ಅತ್ತಿಗೆ, ನರಸಾಪುರದಲ್ಲಿ ನಮ್ ಕಂಪ್ನಿ ಕೋಲ್ಡ್ ರೂಮ್‌ಗೆ ಮೂರು ಪದರ ಐತೆ. ಇಲ್ಲೂ ಒಳಗಡೆ ಇನ್ನೊಂದು ಹೊಡುದ್ರೆ ಊಟಿ ಆಗೋಯ್ತದೆ."

"ಅಲ್ಲಿ ಹುಳು ಮೇಯಿಸ್ತಾರೇನ್ಲಾ?"

ಅನಿತ ಗೋಡೆಗೆ ಅಂಗೈ ಒತ್ತಿದಳು. ಎರಡು ಗಂಟೆಯ ಬಿಸಿಲಿಗೂ ಅದು ನೀರಿನ ಮಡಕೆಯ ಹೊಟ್ಟೆಯಂತೆ ತಣ್ಣಗಿತ್ತು. ಏಣಿ ಹತ್ತಿ ಮೇಲಿನ ಸಿಮೆಂಟ್ ಶೀಟಿಗೆ ಕೈಯೊಡ್ಡಿದಳು. ಕಾದ ಹೆಂಚು! ಇಳಿದವಳೇ, ನಿನ್ನೆ ಅಂಟಿಸಿದ ಹಲಗೆಯ ಅಂಚಿಗೆ ಉಗುರು ಹಾಕಿ ಚರಕ್ಕನೆ ಕಿತ್ತಳು.

"ಅಯ್ಯೋ ಅತ್ತಿಗೆ!"

ನಿನ್ನೆ ಬೆಳಿಗ್ಗೆ ಬ್ಲೀಚಿಂಗ್ ಪುಡಿಯ ನೀರು ಹೊಡೆದು ತೊಳೆದ ಗೋಡೆ ಉಳಿದ ಕಡೆಯೆಲ್ಲ ಒಣಗಿ ಬೆಳ್ಳಗಾಗಿತ್ತು. ಹಲಗೆಯ ಹಿಂದೆ ಇನ್ನೂ ಹಸಿ ಹಸಿ. ಆಗಲೇ ನಾಲ್ಕು ಇರುವೆ.

"ಬೆಳೆ ಬೆಳೆಗೂ ಗೋಡೆ ತೊಳೀತೀವಿ. ಇದರ ಹಿಂದೆ ಯಾರಪ್ಪ ತೊಳೀತಾರೆ? ರೋಗ ಅಲ್ಲೇ ಸಂಸಾರ ಹೂಡ್ತದೆ."

ಸದ್ದಿಗೆ ಒಳಬಂದ ಶ್ಯಾಮಲಮ್ಮ ಆ ಹಸಿಯನ್ನು ಬೆರಳಲ್ಲಿ ಸವರಿ ಮೂಸಿದರು. "ಏಮಿರಾ ಕದಿರೇಶಾ, ಕಂಪ್ನೀಲಿ ಇದೇ ಕಲಿಸಿದ್ದಾ?" ಎಂದು, ಸೊಸೆಯತ್ತ ತಿರುಗಿದರು. "ಮತ್ತೆ ಸೆಕೆಗೇನ್ ಮಾಡ್ತೀಯಮ್ಮ?"

"ಗೋಡೆ ತಂಟೆ ಬೇಡ ಅತ್ತೆ. ಸೆಕೆ ಇಳೀತಿರೋದು ಮೇಲಿಂದ. ಹಲಗೆಗಳ್ನ ಶೀಟಿನ ಕೆಳಗೆ ಕಟ್ಟೋಣ. ಗಮ್ ಬೇಡ, ತಂತಿ. ಬೆಳೆ ಮುಗಿದ್ಮೇಲೆ ಬಿಚ್ಚಿ ತೊಳೀಬೋದು."

"ಅದೂ ನೋಡೇಬಿಡಾನ," ಎಂದು ಶ್ಯಾಮಲಮ್ಮ ಅಲ್ಲೇ ನೆಲದ ಮೇಲೆ ಕುಕ್ಕರಿಸಿದರು.

ಮೂರೂವರೆಗೆ ನಾಲ್ಕು ಹಲಗೆ ಮೇಲೇರಿದ್ದವು. ಐದನೆಯದನ್ನು ಎತ್ತಿಕೊಡುವಾಗ ಅನಿತ ತಿರುಗಿ ನೋಡಿದಳು. ಶ್ಯಾಮಲಮ್ಮ ಆ ನಾಲ್ಕರ ಅಡಿಗೆ ಸರಿದು, ತೋಳನ್ನು ತಲೆದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದರು. ಅನಿತ ತುಟಿಯ ಮೇಲೆ ಬೆರಳಿಟ್ಟಳು. ಕದಿರೇಶ ಹಲ್ಲಲ್ಲಿ ಕಚ್ಚಿದ್ದ ತಂತಿಯನ್ನು ಜೇಬಿಗೆ ಸೇರಿಸಿ, ಒಂದೊಂದೇ ಮೆಟ್ಟಿಲು, ಸದ್ದಾಗದಂತೆ ಏಣಿ ಇಳಿದ.